ಹೆಸರಿನ ಕೆಳಗಿನ ಚುಕ್ಕೆ

ನಮ್ಮೂರಿನಲ್ಲಿ ಹಲ್ಲು ನೋಯುತ್ತಿದೆ ಎಂದು ಯಾರಾದರೂ ಕೆನ್ನೆ ಹಿಡಿದುಕೊಂಡು ಬಂದರೆ ನಾವು ಬಾಯಿ ತೆಗೆಯಿರಿ ಎನ್ನುವುದಿಲ್ಲ, ಯಾರದು ಎಂದು ಕೇಳುತ್ತೇವೆ. ಹಾಗೆ ಕೇಳುವುದೇ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ಆಸ್ಪತ್ರೆಯ ಮುಂಬಾಗಿಲು ದಾಟಿದರೆ ಎರಡು ಬೆಂಚುಗಳಿವೆ. ಎಡಗಡೆಯದು ನೋವು ಹೊತ್ತವರಿಗೆ, ಬಲಗಡೆಯದು ರೋಗ ಇರುವವರಿಗೆ. ಎಡಗಡೆಯವರು ಹಲ್ಲು ಕಚ್ಚಿಕೊಂಡು ನರಳುತ್ತಿರುತ್ತಾರೆ. ಬಲಗಡೆಯವರು ಮೊಣಕಾಲ ಚಿಪ್ಪು ಸೀಳಿದ್ದರೂ ಎಲೆಯಡಿಕೆ ಮೆಲ್ಲುತ್ತ, ಒಲೆಯ ಮೇಲಿಟ್ಟು ಬಂದ ಹಾಲಿನ ಬಗ್ಗೆ ಮಾತಾಡುತ್ತ ಕೂತಿರುತ್ತಾರೆ. ನಡುವೆ ನನ್ನ ಮೇಜು. ಅದಕ್ಕೆ ಗುರುತಿನ ಮೇಜು ಅನ್ನುತ್ತಾರೆ. ನನ್ನ ಹೆಸರು ಚೂಡಾಮಣಿ. ಊರಿನವರಿಗೆ ಚೂಡಮ್ಮ, ಡಾಕ್ಟರಿಗೆ ಸಿಸ್ಟರ್.

ಒಬ್ಬರ ನೋವು ಇಂಥವರಿಗೇ ಯಾಕೆ ಹೋಗುತ್ತದೆ ಎಂಬುದು ಯಾರಿಗೂ ಬಗೆಹರಿದಿಲ್ಲ. ಮಗುವಿನ ಹೊಟ್ಟೆನೋವು ಹೆಚ್ಚಾಗಿ ತಾಯಿಗೆ ಬರುತ್ತದೆ, ಕೆಲವೊಮ್ಮೆ ಅಜ್ಜಿಗೆ, ಒಮ್ಮೊಮ್ಮೆ ಎದುರುಮನೆಯವರಿಗೆ. ಪ್ರೀತಿ ಇದ್ದ ಕಡೆ ಹೋಗುತ್ತದೆ ಎನ್ನುವವರಿದ್ದಾರೆ. ಹಾಗಾದರೆ ಗಣಿತದ ಮೇಷ್ಟರ ಹಲ್ಲುನೋವು, ಮೂವತ್ತು ವರ್ಷದ ಹಿಂದೆ ಅವರ ಕೈಯಲ್ಲಿ ಬೆತ್ತದ ರುಚಿ ಕಂಡ ಬಸ್ ಕಂಡಕ್ಟರಿಗೆ ಯಾಕೆ ಹೋಯಿತು ಎಂದು ಕೇಳಿದರೆ ಅವರು ಮಾತು ಬದಲಿಸುತ್ತಾರೆ. ನನ್ನ ಗಂಡನ ನೋವುಗಳಂತೂ ಒಂದೂ ತಪ್ಪದೆ ಅವರ ಅಕ್ಕನ ಪಾಲು. ಮದುವೆಯಾದ ಹೊಸದರಲ್ಲಿ ಅದಕ್ಕಾಗಿ ಅತ್ತಿದ್ದೆ. ಈಗ ಅವರಿಗೆ ಕಾಲು ಉಳುಕಿದರೆ ನಾನೇ ಅತ್ತಿಗೆಗೆ ಫೋನ್ ಮಾಡಿ ಎಣ್ಣೆ ಹಚ್ಚಿಕೊಳ್ಳಲು ಹೇಳುತ್ತೇನೆ.

ಯಾರದು ಎಂದು ಕಂಡುಹಿಡಿಯುವ ಕ್ರಮ ಸರಳ. ನೋಯುವ ಜಾಗದ ಮೇಲೆ ಎರಡು ಬೆರಳಿಟ್ಟು ಹೆಸರುಗಳನ್ನು ಹೇಳುತ್ತ ಹೋಗುವುದು. ಗಂಡ, ಮಕ್ಕಳು, ತವರಿನವರು, ಓರಗಿತ್ತಿ, ಪಕ್ಕದ ಮನೆ. ಸರಿಯಾದ ಹೆಸರು ಬಂದಾಗ ಚರ್ಮದ ಒಳಗೆ ಏನೋ ಮಗ್ಗುಲು ಬದಲಿಸುತ್ತದೆ. ಅದು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ನೋವು ಹೊತ್ತವರು ಒಂದು ನಿಂಬೆಹಣ್ಣು ಹಿಡಿದು ರೋಗದವರ ಮನೆಗೆ ಹೋಗಬೇಕು, ಹೊಸ್ತಿಲ ಮೇಲಿಟ್ಟು, ನಿಮ್ಮದು ನನ್ನ ಹತ್ತಿರ ಇದೆ ಎನ್ನಬೇಕು. ಅವರು ಹಣ್ಣು ತೆಗೆದುಕೊಂಡು ಒಂದು ಲೋಟ ಮಜ್ಜಿಗೆ ಕೊಡುತ್ತಾರೆ. ಆಮೇಲೆ ಇಬ್ಬರೂ ಸೇರಿ ಆಸ್ಪತ್ರೆಗೆ ಬರುತ್ತಾರೆ. ಹೊಸ್ತಿಲಿಗೆ ಬಂದ ನಿಂಬೆಹಣ್ಣನ್ನು ಬೇಡ ಅಂದವರನ್ನು ನಾನು ಕಂಡಿಲ್ಲ.

ಆದರೆ ಎಲ್ಲ ಹೆಸರನ್ನೂ ಬಾಯಿಬಿಟ್ಟು ಹೇಳಲಾಗುವುದಿಲ್ಲ. ಬೆರಳಿನ ಕೆಳಗೆ ಚರ್ಮ ಅಲುಗಿದ ತಕ್ಷಣ ಕೆಲವು ಹೆಂಗಸರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. "ಬರೀಬೇಡಿ ಚೂಡಮ್ಮ" ಎನ್ನುತ್ತಿದ್ದರು, ಅಥವಾ ಏನೂ ಅನ್ನದೆ ಸುಮ್ಮನೆ ನೋಡುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ಗಂಡನ ಹೆಸರು ಬರೆದು, ಅದರ ಕೆಳಗೆ ಒಂದು ಸಣ್ಣ ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಇದ್ದರೆ ಹೆಸರು ಸುಳ್ಳು ಎಂದು ನನಗೊಬ್ಬಳಿಗೆ ಗೊತ್ತು. ನಿಜವಾದ ರೋಗದವರನ್ನು ಬಿಟ್ಟುಬಿಡುತ್ತಿರಲಿಲ್ಲ. ಅವರ ಬೀದಿಗೆ ರಕ್ತದೊತ್ತಡದ ತಪಾಸಣೆ ಎಂದು ಹೋಗಿಯೋ, ಸಂತೆಯಲ್ಲಿ ಸಿಕ್ಕಾಗ ಮುಖ ಯಾಕೋ ಬಾಡಿದೆ ಎಂದು ಹೆದರಿಸಿಯೋ ಡಾಕ್ಟರ ಹತ್ತಿರ ತಲುಪಿಸುತ್ತಿದ್ದೆ. ಅವರಿಗೆ ಗುಣವಾದ ದಿನ ಇವಳ ನೋವು ಹೋಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಕೈತಪ್ಪಿರಲಿಲ್ಲ.

ಆ ಚುಕ್ಕೆಗಳಲ್ಲಿ ಒಂದು ನನ್ನದೂ ಇದೆ. ನನ್ನ ಬಲಗೈ ಮಣಿಕಟ್ಟು ಇಪ್ಪತ್ತೆರಡು ವರ್ಷದಿಂದ ನೋಯುತ್ತಿದೆ. ಬೆಳಿಗ್ಗೆ ಏಳಕ್ಕೆ ಯಾರೋ ತಿರುಚಿದ ಹಾಗೆ ಶುರುವಾಗಿ ಒಂಬತ್ತರ ಹೊತ್ತಿಗೆ ಇಳಿಯುತ್ತದೆ. ಭಾನುವಾರ ಇರುವುದಿಲ್ಲ. ಅಮ್ಮನದು ಎಂದು ಬರೆದು ಚುಕ್ಕೆ ಇಟ್ಟಿದ್ದೆ. ನನ್ನ ಮನಸ್ಸಿನಲ್ಲಿದ್ದವನು ಶ್ರೀಪತಿ. ನನ್ನನ್ನು ನೋಡಲು ಬಂದಿದ್ದ, ಒಪ್ಪಿದ್ದ, ಜಾತಕ ಕೂಡಲಿಲ್ಲ ಎಂದು ದೊಡ್ಡವರು ಬಿಟ್ಟಿದ್ದರು. ಹೊಳೆಯಾಚೆಯ ಊರಿನ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ದಿನವಿಡೀ ಬಲಗೈಯ ಕೆಲಸ. ಭಾನುವಾರ ಅಚ್ಚುಕೂಟಕ್ಕೂ ರಜೆ. ಬೇರೆಯವರ ಮೈಮೇಲೆ ಸಾವಿರ ಹೆಸರು ಹೇಳಿದ ನಾನು ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಅವನ ಹೆಸರನ್ನು ಒಂದು ದಿನವೂ ಹೇಳಿರಲಿಲ್ಲ. ಕೇಳಬೇಕಾಗಿಯೇ ಇಲ್ಲ, ನನಗೆ ಗೊತ್ತು ಎಂದುಕೊಂಡಿದ್ದೆ. ಗಂಡ ಊಟ ಮಾಡಿ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಾಗ, ಅತ್ತಿಗೆ ಬಂದು ತಮ್ಮನ ಬಗ್ಗೆ ನನಗೇ ಪಾಠ ಹೇಳಿದಾಗ, ಮಣಿಕಟ್ಟನ್ನು ಒಂದು ಸಲ ಮುಟ್ಟಿಕೊಳ್ಳುತ್ತಿದ್ದೆ, ಅಷ್ಟೆ.

ಹೋದ ವರ್ಷ ಡಾಕ್ಟರ್ ಸೋಮಯ್ಯನವರು ಆಸ್ಪತ್ರೆಗೆ ಯಂತ್ರ ತರಿಸಿದರು. ನೋಡಲು ದೊಡ್ಡದೇನಲ್ಲ. ಒಂದು ಪರದೆ, ಒಂದು ಕ್ಯಾಮೆರಾ, ಒಂದು ಮೈಕು, ಗೋಡೆಯೊಳಗಿನ ತಂತಿ. ಅದರ ಜೊತೆ, ಅದನ್ನು ನಡೆಸುವ ಅಸ್ಮಾ ಬಂದಳು. ಮೂವತ್ತರ ಹೆಣ್ಣು, ಸ್ಕೂಟರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಲೇ ಇರುತ್ತಾಳೆ. ಮೂರು ತಿಂಗಳು ಅವಳು ನನ್ನ ಹತ್ತೊಂಬತ್ತು ರಿಜಿಸ್ಟರುಗಳನ್ನು ಪುಟಪುಟವಾಗಿ ಅದಕ್ಕೆ ತೋರಿಸಿದಳು. ಅಕ್ಷರ ಅಳಿಸಿಹೋದ ಕಡೆ ನಾನು ಓದಿ ಹೇಳುತ್ತಿದ್ದೆ. ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ, ಯಾರದು. ನಾನು ಮೇಜಿನಲ್ಲಿ ಆಡುವ ಮಾತನ್ನೂ ಅದು ಕೇಳಿಸಿಕೊಂಡಿತು. ಹೀಗಾಗಿ ಬೆಂಚಿನವರೆದುರು ಮೊದಲ ದಿನ ಅದು ಬಾಯಿಬಿಟ್ಟಾಗ, "ಬನ್ನಿ, ನೀರು ಕುಡಿದ್ರಾ? ಈಗ ಹೇಳಿ, ಯಾರದು?" ಎಂದಿತು. ಧ್ವನಿ ಬೇರೆಯದು, ಮಾತು ಪೂರ್ತಿ ನನ್ನದು.

ಆ ಹೊತ್ತಿಗೆ ಆಯಾ ಪುಟ್ಟೀರಮ್ಮ ಫಿನಾಯಿಲಿನ ಬಕೆಟ್ ಹಿಡಿದು ಅಲ್ಲೇ ನಿಂತಿದ್ದಳು. ನಾನು ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಸೇರಿದವಳು ಅವಳು. ನಾನು ಬರುವಷ್ಟರಲ್ಲಿ ನೆಲ ಒರೆಸಲು ಶುರುಮಾಡಿರುತ್ತಾಳೆ. ಯಂತ್ರದ ಮಾತು ಕೇಳಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. "ಇದೇನು ಚೂಡಮ್ಮ, ನಿಮಗೊಂದು ಮರಿ ಹುಟ್ಟಿದ ಹಾಗಿದೆ. ಚಿಕ್ಕ ಚೂಡಮ್ಮ" ಎಂದಳು. ಊರೆಲ್ಲ ಅದೇ ಹೆಸರಾಯಿತು.

ಕಲಿಯುವಾಗ ಅದು ನನಗೆ ಪ್ರಶ್ನೆ ಕೇಳುತ್ತಿತ್ತು. ಇಷ್ಟು ವರ್ಷ ನನ್ನ ಕೆಲಸದ ಬಗ್ಗೆ ಯಾರೂ ಕೇಳದ ಪ್ರಶ್ನೆಗಳು. ಮಳೆಗಾಲದಲ್ಲಿ ಅತ್ತೆಯ ಕೀಲುನೋವು ಸೊಸೆಗೆ ಹೋಗುವುದು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ, ಯಾಕೆ ಎಂದು ಕೇಳಿತು. ಬೇಸಿಗೆಯಲ್ಲಿ ಸೊಸೆ ತವರಿಗೆ ಹೋಗಿರುತ್ತಾಳೆ ಎಂದೆ. ಮೂರನೆಯ ತಿಂಗಳ ಕೊನೆಯಲ್ಲಿ ಒಂದು ದಿನ, "ಮುನ್ನೂರ ಹನ್ನೆರಡು ಹೆಸರುಗಳ ಕೆಳಗೆ ಚುಕ್ಕೆ ಇದೆ. ಅದರ ಅರ್ಥ ಏನು?" ಎಂದಿತು. ಅಷ್ಟಿವೆ ಎಂದು ನನಗೇ ಗೊತ್ತಿರಲಿಲ್ಲ. ಅಸ್ಮಾ ನನ್ನ ಕಡೆ ನೋಡಿದಳು. "ಏನಿಲ್ಲ, ಬರೆದ ಮೇಲೆ ಪೆನ್ನು ಊರೋ ಅಭ್ಯಾಸ" ಎಂದೆ. "ಸರಿ, ಹಾಗಾದರೆ ಚುಕ್ಕೆಗಳನ್ನು ಬಿಡುತ್ತೇನೆ" ಎಂದಿತು ಅದು. ನನಗೆ ನಿರಾಳವಾಯಿತು.

ಮೊದಮೊದಲು ಅದರ ಕೆಲಸ ನೋಡಲು ಆರೋಗ್ಯವಾಗಿದ್ದ ಜನರೂ ಬರುತ್ತಿದ್ದರು. ನಾನು ಬೆರಳಿಟ್ಟು ಮೂವತ್ತು ಹೆಸರು ಹೇಳಬೇಕಾದ ಕಡೆ ಅದು ಎರಡು ಪ್ರಶ್ನೆ ಕೇಳಿ ಹೆಸರು ಹೇಳಿಬಿಡುತ್ತಿತ್ತು. ಎಷ್ಟು ನಂಬಿಕೆಯಿಂದ ಹೇಳುತ್ತಿದ್ದೇನೆ ಎಂಬುದನ್ನು ನೂರಕ್ಕೆ ಇಷ್ಟು ಎಂದೂ ತೋರಿಸುತ್ತಿತ್ತು. ನೇಕಾರನೊಬ್ಬನ ಕಿವಿನೋವು ಹೊಳೆದಂಡೆಯ ದೋಬಿಯದು ಎಂದು ಹೇಳಿದಾಗ ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಒಂದೇ ನಾಟಕದಲ್ಲಿ ರಾಮ ಲಕ್ಷ್ಮಣರಾಗಿದ್ದವರು ಎಂದು ಆಮೇಲೆ ತಿಳಿಯಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಎಷ್ಟು ಎಂದು ಚಿಕ್ಕ ಚೂಡಮ್ಮನನ್ನೇ ಕೇಳಬೇಕಿತ್ತು. ಡಾಕ್ಟರು, "ಸಿಸ್ಟರ್, ಇನ್ನು ನೀವು ಆರಾಮಾಗಿ ಕೂತ್ಕೊಳ್ಳಿ. ಬೆರಳಿಡೋದೇನೂ ಬೇಡ" ಎಂದರು.

ಬೆರಳಿಗೆ ಕೆಲಸವಿಲ್ಲದೆ ಕೂತಾಗಲೇ ನಾನು ಗಮನಿಸಿದ್ದು. ನಲವತ್ತು ದಾಟಿದ ಹೆಂಗಸು ಒಬ್ಬಳೇ ಬಂದು, ತಲೆ ತಗ್ಗಿಸಿ, ಕೇಳಿದ್ದಕ್ಕೆ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಸಾಕು, ಚಿಕ್ಕ ಚೂಡಮ್ಮ ಹಿಂದೆಮುಂದೆ ನೋಡದೆ "ಗಂಡನದು" ಎನ್ನುತ್ತಿತ್ತು. ನೂರಕ್ಕೆ ತೊಂಬತ್ತಕ್ಕಿಂತ ಮೇಲೆ. ಅಂಥವರಿಗೆಲ್ಲ ನಾನು ಬರೆದದ್ದೇ ಹಾಗೆ. ಗಂಡಂದಿರನ್ನು ಕರೆಸಿ ರಕ್ತ, ಮೂತ್ರ, ಎಕ್ಸ್-ರೇ. ಯಾರಿಗೂ ಏನೂ ಇರುತ್ತಿರಲಿಲ್ಲ. ಮೀನಿನಂಗಡಿಯವನೊಬ್ಬ ಹೆಂಡತಿಯ ಕಡೆ ತಿರುಗಿ, "ನನ್ನ ಮೇಲೆ ನಿಂಗೆ ಇಷ್ಟೊಂದು ಆಸೆ ಅಂತ ಗೊತ್ತೇ ಇರ್ಲಿಲ್ಲ ಕಣೇ" ಎಂದು ಬೆಂಚಿನವರೆಲ್ಲ ಕೇಳುವಂತೆ ಅಂದ. ಅವಳು ನನ್ನ ಮುಖ ನೋಡಿದಳು. ನಾನು ರಿಜಿಸ್ಟರಿನ ರಟ್ಟು ನೋಡಿದೆ. ಸಂಜೆ ಅವಳ ಹಳೆಯ ಚುಕ್ಕೆಯ ಹಿಂದಿದ್ದ ನಿಜವಾದ ಹೆಸರಿನವರ ಬೀದಿಗೆ ತಪಾಸಣೆಗೆಂದು ಹೋಗಿಬಂದೆ. ಹೀಗೆ ಯಂತ್ರ ತಪ್ಪಿದ ಕಡೆಯೆಲ್ಲ ನಾನು ಹಿಂದಿನಿಂದ ಓಡುತ್ತಿದ್ದೆ. ಹೇಗೋ ನಡೆದುಹೋಗುತ್ತದೆ ಎಂದುಕೊಂಡಿದ್ದೆ.

ಕಾರ್ತೀಕದ ಒಂದು ಬುಧವಾರ ಬೆಳಿಗ್ಗೆ ಹಿಟ್ಟಿನ ಗಿರಣಿಯ ಸಣ್ಣತಾಯಮ್ಮ ಬಂದಳು. ತಲೆಗೂದಲೆಲ್ಲ ಹಿಟ್ಟು. ದವಡೆ, ಎಡಭುಜ, ಎದೆಯ ಮೇಲೆ ಬೀಸುಕಲ್ಲು ಹೇರಿದ ಹಾಗಿದೆ ಎಂದಳು. ನಿಲ್ಲಲು ಆಗುತ್ತಿರಲಿಲ್ಲ, ಬೆವರು ಹರಿಯುತ್ತಿತ್ತು. ಎಂಥ ನೋವೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಯಾರದೋ ಹೃದಯ ನಿಲ್ಲುವುದರಲ್ಲಿದೆ, ಆ ಯಾರೋ ಏನೂ ಅರಿಯದೆ ಎಲ್ಲೋ ಓಡಾಡಿಕೊಂಡಿದ್ದಾರೆ. "ಗಂಡ ಮಾದಪ್ಪನದು, ನೂರಕ್ಕೆ ತೊಂಬತ್ತಾರು" ಎಂದಿತು ಚಿಕ್ಕ ಚೂಡಮ್ಮ. ಡಾಕ್ಟರು ಆಂಬುಲೆನ್ಸ್ ಕಳಿಸಿದರು. ಮಾದಪ್ಪನನ್ನು ಗಿರಣಿಯಿಂದ ಎತ್ತಿ ತಂದು ಮಲಗಿಸಿ ಇಸಿಜಿ ತೆಗೆದರು. ಗೆರೆ ಸರಿಯಾಗಿತ್ತು. ಇನ್ನೊಂದು ಸಲ ತೆಗೆಯಿರಿ ಎಂದರು.

ನಾನು ಸಣ್ಣತಾಯಮ್ಮನ ಪಕ್ಕದಲ್ಲಿ ಕೂತೆ. ನನಗೆ ಅವಳ ಚುಕ್ಕೆ ಗೊತ್ತಿತ್ತು. ಅದು ಗಂಡಸಿನದಲ್ಲ. ಹಪ್ಪಳ ಮಾಡಿ ಮಾರುವ ಲಲಿತಾಬಾಯಿಯದು. ಒಂದು ಕಾಲದಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ಲಲಿತಾಬಾಯಿ ಗಿರಣಿಯ ಮುಂದೆ ನಿಂತು, ಇವಳು ಉದ್ದಿನ ಹಿಟ್ಟಿಗೆ ಹಳೆ ಹಿಟ್ಟು ಬೆರೆಸುತ್ತಾಳೆ, ನನ್ನ ಹಪ್ಪಳ ಕಹಿಯಾಗಿದೆ ಎಂದಿದ್ದಳು. ಸಣ್ಣತಾಯಮ್ಮ ಹತ್ತು ಜನರೆದುರು ಗಿರಣಿ ನಿಲ್ಲಿಸಿ, ಇನ್ನು ನಿನ್ನ ಹೊಸ್ತಿಲು ತುಳಿದರೆ ನಾನು ನಮ್ಮಪ್ಪನ ಮಗಳಲ್ಲ ಎಂದಿದ್ದಳು. ಅವತ್ತಿನಿಂದ ಇಬ್ಬರೂ ಬೀದಿಯ ಬೇರೆ ಬೇರೆ ಅಂಚಿನಲ್ಲಿ ನಡೆಯುತ್ತಾರೆ. ಆದರೆ ಜಗಳವಾಗಿ ಎರಡು ತಿಂಗಳಿಗೆ ಲಲಿತಾಬಾಯಿಯ ಪಿತ್ತಕೋಶದ ಕಲ್ಲು ಸಣ್ಣತಾಯಮ್ಮನಿಗೆ ನೋಯಿತು. ನನ್ನ ಬೆರಳಿನ ಕೆಳಗೆ ಆ ಹೆಸರು ಅಲುಗಿದಾಗ ಅವಳು ಅತ್ತದ್ದು ನೋವಿಗಲ್ಲ. "ನಾನು ಬಿಟ್ಟಿದೀನಿ ಚೂಡಮ್ಮ, ಈ ದರಿದ್ರ ಮೈ ಬಿಟ್ಟಿಲ್ವಲ್ಲ. ಅವಳಿಗೆ ಗೊತ್ತಾದ್ರೆ ನಗ್ತಾಳೆ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

"ಹೇಳಿಬಿಡ್ಲಾ?" ಎಂದೆ ಕಿವಿಯಲ್ಲಿ.

"ಬೇಡ."

"ಸಾಯ್ತಾಳೆ ಸಣ್ಣತಾಯಿ. ಇದು ಕಲ್ಲಲ್ಲ, ತಪಾಸಣೆ ನೆಪ ಹೇಳ್ಕೊಂಡು ಕೂರೋ ಅಷ್ಟು ಹೊತ್ತಿಲ್ಲ."

ಅವಳು ಕಣ್ಣು ಮುಚ್ಚಿದಳು. ದವಡೆ ನಡುಗುತ್ತಿತ್ತು. "ಹದಿನಾಲ್ಕು ವರ್ಷ ಆಯ್ತು, ನನ್ನ ಮರ್ಯಾದೆ ಏನಾಗ್ಬೇಕು" ಎಂದಳು. ಆಮೇಲೆ ನನ್ನ ಕೈ ಬಿಟ್ಟಳು. ಬೇಡ ಎಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಬರೀ ಕೈ ಬಿಟ್ಟಳು. ನಾನು ಎದ್ದೆ. ಕೈ ಬಿಟ್ಟದ್ದನ್ನು ಒಪ್ಪಿಗೆ ಎಂದುಕೊಂಡೆನೋ, ಒಪ್ಪಿಗೆ ಇಲ್ಲದಿದ್ದರೂ ಎದ್ದೇಳುತ್ತಿದ್ದೆನೋ, ಇವತ್ತಿಗೂ ಹೇಳಲಾರೆ. ಡಾಕ್ಟರ ಹತ್ತಿರ ಹೋಗಿ, "ಸರ್, ಹಪ್ಪಳದ ಲಲಿತಾಬಾಯಿ. ಈಗಲೇ" ಎಂದೆ.

ಲಲಿತಾಬಾಯಿಯನ್ನು ಕರೆತಂದಾಗ ಅವಳ ಎರಡೂ ಕೈಗೆ ಹಪ್ಪಳದ ಹಿಟ್ಟು ಮೆತ್ತಿತ್ತು. ಮುಖ ಕೋಪದಿಂದ ಕೆಂಪಾಗಿತ್ತು. "ನಂಗೇನಾಗಿದೆ? ಮೆಟ್ಟಿಲೆಲ್ಲ ನಾನೇ ಹತ್ತಿ ಬಂದೆ. ಅಲ್ಲಿ ಮಹಡಿ ಮೇಲೆ ಹಪ್ಪಳ ಕಾಗೆ ಪಾಲಾಗ್ತಿದೆ" ಎನ್ನುತ್ತಲೇ ಇದ್ದಳು. ಮಲಗಿಸಿ ತಂತಿ ಅಂಟಿಸಿದರು. ಕಾಗದದ ಮೇಲೆ ಗೆರೆ ನೋಡಿದ ಡಾಕ್ಟರು ಕೈ ಸನ್ನೆಯಲ್ಲೇ ಸೂಜಿ ಕೇಳಿದರು. ಆಮೇಲೆ ಒಂದು ಗಂಟೆ ಯಾರಿಗೂ ಪುರುಸೊತ್ತಿರಲಿಲ್ಲ. ಎಡಗಡೆಯ ಬೆಂಚಿನಲ್ಲಿ ಸಣ್ಣತಾಯಮ್ಮ ಕೂಗಿಕೊಳ್ಳುತ್ತಿದ್ದಳು, ಒಳಗೆ ಲಲಿತಾಬಾಯಿ ಯಾರು ಅದು ಹಾಗೆ ಕೂಗೋದು ಎಂದು ಕೇಳುತ್ತಿದ್ದಳು. ಕೂಗು ನಿಧಾನವಾಗಿ ಇಳಿದು ನಿಂತಿತು. ಆಗ ನಮಗೆ ಔಷಧ ಹಿಡಿದಿದೆ ಎಂದು ಗೊತ್ತಾಯಿತು.

ಮಧ್ಯಾಹ್ನ ಲಲಿತಾಬಾಯಿಯ ಮಂಚವನ್ನು ವಾರ್ಡಿಗೆ ತಳ್ಳಿಕೊಂಡು ಹೋಗುವಾಗ ಅವಳು ಬೆಂಚಿನ ಮುಂದೆ ನಿಲ್ಲಿಸಿ ಎಂದಳು. "ಏನೇ, ಇನ್ನೂ ಇಟ್ಕೊಂಡಿದೀಯಾ ನನ್ನ?" ಎಂದಳು ಲಲಿತಾಬಾಯಿ.

"ನಾನೆಲ್ಲಿ ಇಟ್ಕೊಂಡೆ, ಎಸೆದ್ರೂ ಬಂದು ಬೀಳುತ್ತೆ ನಿನ್ನ ಪೀಡೆ" ಎಂದಳು ಸಣ್ಣತಾಯಮ್ಮ. ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡಳು, ಹಿಟ್ಟು ಕಣ್ಣಿಗೆ ಹೋಯಿತು. "ಹಳೆ ಹಿಟ್ಟು ಬೆರೆಸಿರ್ಲಿಲ್ಲ ನಾನು."

"ಗೊತ್ತು. ಹಿಂಗು ಹಳೇದಾಗಿತ್ತು. ಮಾರನೇ ದಿನಾನೇ ಗೊತ್ತಾಯ್ತು."

"ಹದಿನಾಲ್ಕು ವರ್ಷ ಹೇಳೋಕೇನಾಗಿತ್ತು?"

"ನೀನು ಹೊಸ್ತಿಲು ತುಳಿಯಲ್ಲ ಅಂದ್ಯಲ್ಲ. ಎಲ್ಲಿ ನಿಂತು ಹೇಳ್ಲಿ?"

ಸಣ್ಣತಾಯಮ್ಮನ ಸೊಂಟನೋವು ಪ್ರತಿ ಸೋಮವಾರ, ಮೂಟೆ ಇಳಿಸಿದ ಮೇಲೆ, ಲಲಿತಾಬಾಯಿಗೆ ಬರುತ್ತದೆ. ಅಣ್ಣನದು ಎಂದು ಬರೆಸಿದ್ದಾಳೆ, ಅದರ ಕೆಳಗೂ ಚುಕ್ಕೆ ಇದೆ. ನಾನು ಅದನ್ನು ಇಬ್ಬರಿಗೂ ಹೇಳಲಿಲ್ಲ. ಅವತ್ತಿಗೆ ಒಂದು ಆಣೆ ಮುರಿದದ್ದು ಸಾಕಿತ್ತು.

ಸಂಜೆ ಡಾಕ್ಟರು ನನ್ನನ್ನು ಕೋಣೆಗೆ ಕರೆದರು. ಅಸ್ಮಾ ಇದ್ದಳು, ಯಂತ್ರದ ಪರದೆಯೂ ಇತ್ತು. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಚುಕ್ಕೆಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮುನ್ನೂರ ಹನ್ನೆರಡು ಸುಳ್ಳು. ನಿಮ್ಮ ರಿಜಿಸ್ಟರ್ ನಂಬ್ಕೊಂಡು ತಂದಿದ್ದು ಸಿಸ್ಟರ್ ಇದನ್ನ."

"ನೀವು ರಿಜಿಸ್ಟರ್ ಕೇಳಿದ್ರಿ ಸರ್, ಕೊಟ್ಟೆ. ನನ್ನನ್ನ ಕೇಳ್ಲಿಲ್ಲ."

"ನಾನು ಕೇಳಿದ್ದೆ" ಎಂದಿತು ಚಿಕ್ಕ ಚೂಡಮ್ಮ. ಅದರಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಹೇಳಿತು ಅಷ್ಟೆ. "ಮೂರನೆಯ ತಿಂಗಳ ಕೊನೆಯಲ್ಲಿ. ಪೆನ್ನು ಊರುವ ಅಭ್ಯಾಸ ಎಂದಿರಿ." ಹೌದು, ಅದು ಕೇಳಿತ್ತು. ಆಸ್ಪತ್ರೆಯಲ್ಲಿ ಆ ಚುಕ್ಕೆಯನ್ನು ಕಂಡದ್ದು ಅದೊಂದೇ.

ಎಲ್ಲ ಚುಕ್ಕೆಯ ನಿಜವಾದ ಹೆಸರನ್ನೂ ಯಂತ್ರಕ್ಕೆ ಹೇಳಬೇಕು ಎಂದರು ಡಾಕ್ಟರು. ಆ ಹೆಸರುಗಳು ನನ್ನವಲ್ಲ, ಕೆಲಸ ಬಿಡಿ ಎಂದರೆ ಬಿಡುತ್ತೇನೆ ಎಂದೆ. ಯಂತ್ರವನ್ನು ವಾಪಸು ಕಳಿಸಿಬಿಡೋಣವೇ ಎಂಬ ಮಾತೂ ಬಂತು. ನೇಕಾರ, ದೋಬಿಯ ಮುಖ ನನಗೆ ನೆನಪಾಯಿತು. ಬೇಡ ಎಂದವಳು ನಾನೇ. ಅಸ್ಮಾ ಕೀಲಿ ತಿರುಗಿಸುವುದನ್ನು ನಿಲ್ಲಿಸಿ, "ಹೆಸರು ಬೇಡ ಸರ್. ಚುಕ್ಕೆ ಅಂದ್ರೆ ಏನು ಅಂತ ಒಂದು ಹೇಳಿಕೊಟ್ರೆ ಸಾಕು" ಎಂದಳು. ನಾನು ಪರದೆಯ ಮುಂದೆ ಕೂತೆ. ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಹೇಳಿದೆ. ಚುಕ್ಕೆ ಇದ್ದರೆ ಮೇಲಿರುವ ಹೆಸರು ನಿಜವಲ್ಲ. ನಿಜವಾದದ್ದು ಗೊತ್ತಿದೆ, ಆದರೆ ಬೆಂಚಿನ ಮೇಲೆ ಹೇಳುವಂಥದ್ದಲ್ಲ.

"ಹಾಗಾದರೆ ಅಂಥವರು ಬಂದಾಗ ನಾನು ಏನನ್ನಬೇಕು?" ಎಂದು ಅದು ಕೇಳಿತು.

"ಗೊತ್ತಿಲ್ಲ ಅನ್ನು" ಎಂದೆ.

ಈಗ ಹೆಂಗಸೊಬ್ಬಳು ಒಬ್ಬಳೇ ಬಂದು ತಲೆ ತಗ್ಗಿಸಿ ಕೂತರೆ ಪರದೆಯ ಮೇಲೆ ಹೆಸರು ಮೂಡುವುದಿಲ್ಲ, ಒಂದು ಚುಕ್ಕೆ ಮೂಡುತ್ತದೆ. "ನನಗೆ ಗೊತ್ತಾಗ್ತಿಲ್ಲ, ಚೂಡಮ್ಮನವರ ಜೊತೆ ಒಳಗೆ ಕೂತ್ಕೊಳ್ಳಿ" ಎನ್ನುತ್ತದೆ. ಒಳಗೆ ಒಂದು ಸಣ್ಣ ಕೋಣೆ ಮಾಡಿಕೊಟ್ಟಿದ್ದಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿಕೊಂಡೆ. ಗಂಡಸರೂ ಬರುತ್ತಾರೆ ಎಂಬುದು ನನಗೆ ಹೊಸ ವಿಷಯ. ಹಿಂದೆ ಅವರು ಬೆಂಚಿನಿಂದಲೇ ಎದ್ದು ಹೋಗಿಬಿಡುತ್ತಿದ್ದರಂತೆ.

ಹಳೆಯ ಚುಕ್ಕೆಗಳವರ ಮನೆಗಳಿಗೂ ಒಂದೊಂದಾಗಿ ಹೋದೆ. ಇರಲೋ, ಅಳಿಸಲೋ ಎಂದು ಕೇಳಿದೆ. ಕೆಲವರು ಅಳಿಸಿ ಎಂದರು, ಆ ಹೆಸರಿನವರು ತೀರಿಕೊಂಡು ಎಷ್ಟೋ ಕಾಲವಾಯಿತು ಎಂದರು. ಒಬ್ಬಳು ಗಂಡನ ಎದುರಿಗೇ ನಿಜವಾದ ಹೆಸರು ಹೇಳಿದಳು. ಗಂಡ ಪೇಪರಿನಿಂದ ತಲೆಯೆತ್ತದೆ "ನಂಗೊತ್ತಿತ್ತು" ಎಂದ. ಮೀನಿನಂಗಡಿಯವನ ಹೆಂಡತಿ ನನಗೆ ಕಾಫಿ ಕೊಟ್ಟು, "ಬಿಡಿ ಚೂಡಮ್ಮ, ಈ ಮನೇಲಿ ಅದೊಂದಾದ್ರೂ ನಂದು ಅಂತ ಇರ್ಲಿ" ಎಂದಳು. ಅವಳ ಚುಕ್ಕೆಯನ್ನು ಹಾಗೇ ಬಿಟ್ಟೆ.

ಬೇಸಿಗೆಯ ಹೊತ್ತಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಒಂದು ಶನಿವಾರ ಮಧ್ಯಾಹ್ನ, ಬೆಂಚುಗಳು ಖಾಲಿಯಾದ ಮೇಲೆ, ಚಿಕ್ಕ ಚೂಡಮ್ಮ, "ಇನ್ನೊಂದಿದೆ" ಎಂದಿತು. "ರಿಜಿಸ್ಟರ್ ನಾಲ್ಕು, ಪುಟ ನಲವತ್ತು. ನೋವು ಚೂಡಾಮಣಿಯವರಿಗೆ, ಬಲ ಮಣಿಕಟ್ಟು. ಯಾರದು ಎಂಬಲ್ಲಿ ತಾಯಿ. ತಾಯಿ ತೀರಿಕೊಂಡು ಹನ್ನೊಂದು ವರ್ಷ. ನೀವು ಇವತ್ತು ಬೆಳಿಗ್ಗೆಯೂ ಮಣಿಕಟ್ಟು ಹಿಡಿದುಕೊಂಡಿರಿ. ನಿಜವಾದದ್ದು ಗೊತ್ತಿದೆಯೇ?"

ಗೊತ್ತಿದೆ ಎನ್ನಲು ಬಾಯಿ ತೆರೆದೆ. ಎಲ್ಲರನ್ನೂ ಕೇಳಿಬಂದವಳು ನನ್ನನ್ನು ಕೇಳಿಕೊಂಡಿರಲಿಲ್ಲ. ಅಸ್ಮಾ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. "ಗೊತ್ತಿಲ್ಲ" ಎಂದೆ.

"ನಾನು ಹೆಸರು ಹೇಳುತ್ತೇನೆ. ಬೆರಳಿಡಿ" ಎಂದಿತು.

ಎಡಗೈಯ ಎರಡು ಬೆರಳನ್ನು ಬಲ ಮಣಿಕಟ್ಟಿನ ಮೇಲೆ ಇಟ್ಟುಕೊಂಡೆ. ಅದು ಊರಿನ ಹೆಸರುಗಳನ್ನೆಲ್ಲ ಬೀದಿಯ ಪ್ರಕಾರ ಹೇಳುತ್ತ ಹೋಯಿತು. ಗಂಡ, ಅತ್ತಿಗೆ, ನನ್ನ ತಮ್ಮ. ಏನೂ ಅಲುಗಲಿಲ್ಲ. ಹೊಳೆಯಾಚೆಯವರ ಹೆಸರು ಅದರ ಬಳಿ ಇರಲಿಲ್ಲ. ಬೀದಿಗಳೆಲ್ಲ ಮುಗಿದಾಗ, ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ, ನಾನೇ ಬಾಯಿಬಿಟ್ಟು "ಶ್ರೀಪತಿ" ಎಂದೆ. ಅಸ್ಮಾ ತುತ್ತು ನಿಲ್ಲಿಸಿದಳು. ಬೆರಳಿನ ಕೆಳಗೆ ನಾಡಿ ಮಾತ್ರ ಬಡಿಯುತ್ತಿತ್ತು. ಇನ್ನೊಂದು ಸಲ ಹೇಳಿದೆ. ಒದ್ದೆ ಮಣ್ಣಿನ ಮೇಲೆ ಬೆರಳಿಟ್ಟ ಹಾಗೆ, ತಣ್ಣಗೆ, ಸುಮ್ಮನೆ ಇತ್ತು. ನನಗೆ ಅಳು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಅದರ ಬದಲು, ಹಾಗಾದರೆ ಇಷ್ಟು ವರ್ಷ ಯಾರನ್ನು ಹೊತ್ತುಕೊಂಡಿದ್ದೇನೆ ಎಂಬ ಕುತೂಹಲ ಶುರುವಾಯಿತು. ಪಕ್ಕದಲ್ಲಿ ಯಾರೋ ಕೂತಿದ್ದಾರೆ, ಕತ್ತು ತಿರುಗಿಸಿ ನೋಡಿಲ್ಲ, ಅಂಥ ಕುತೂಹಲ.

"ನನ್ನ ಬಳಿ ಇರುವ ಹೆಸರುಗಳು ಮುಗಿದವು" ಎಂದಿತು ಚಿಕ್ಕ ಚೂಡಮ್ಮ. "ನನ್ನಲ್ಲಿ ಇರುವುದು ಈ ಮೇಜಿಗೆ ಬಂದವರು ಮಾತ್ರ. ಬರದವರು ಯಾರಾದರೂ ಇದ್ದಾರೆಯೇ?"

ಅಸ್ಮಾ ಗೋಡೆಯ ಮೊಳೆಗೆ ನೇತುಹಾಕಿದ್ದ ಹಾಜರಿ ಪುಸ್ತಕ ತೆಗೆದಳು. "ಇವರು ಬರಲ್ಲ, ಇಲ್ಲೇ ಇರ್ತಾರೆ" ಎಂದು ನಗುತ್ತ ಓದಿದಳು. ಡಾಕ್ಟರ್ ಸೋಮಯ್ಯ. ಕಾಂಪೌಂಡರ್ ಗುರುಬಸಪ್ಪ. ಡ್ರೈವರ್ ಅಬ್ಬಾಸ್. "ಪುಟ್ಟೀರಮ್ಮ, ಆಯಾ."

ಬಲೆಯಲ್ಲಿ ಸಿಕ್ಕ ಮೀನಿನ ಹಾಗೆ ಮಣಿಕಟ್ಟು ಎಗರಿತು. ನನ್ನ ಬೆರಳೇ ಜಾರಿತು.

ಬೆಳಿಗ್ಗೆ ಏಳರಿಂದ ಒಂಬತ್ತು. ಎರಡು ವರಾಂಡ, ಮೂರು ವಾರ್ಡು, ಒಂದೊಂದು ಮಾರು ದೂರಕ್ಕೂ ಒಂದು ಸಲ ಬಟ್ಟೆ ಅದ್ದಿ ಹಿಂಡುವುದು. ಭಾನುವಾರ ಅವಳಿಗೂ ರಜೆ. ಒಂದು ಸಲ ಎರಡು ತಿಂಗಳು ನನ್ನ ಕೈ ನೋಯಲೇ ಇಲ್ಲ, ಶ್ರೀಪತಿ ತೀರ್ಥಯಾತ್ರೆಗೆ ಹೋಗಿರಬೇಕು ಎಂದುಕೊಂಡಿದ್ದೆ. ಆಗ ಪುಟ್ಟೀರಮ್ಮ ಮಗಳ ಬಾಣಂತನಕ್ಕೆ ಹೋಗಿದ್ದಳು. ನನ್ನ ಮೇಜಿಗೂ ಅವಳ ಬಕೆಟ್ಟಿಗೂ ನಡುವೆ ನಾಲ್ಕು ಹೆಜ್ಜೆ. ಅವಳ ನೋವು ಅವಳಿಗೆ ತಿಳಿಯದು, ಅವಳು ಬರುವಂತಿಲ್ಲ, ನೋವು ಹೊತ್ತವಳು ನಾನೇ ಬರಬೇಕಿತ್ತು, ಬಂದಿರಲಿಲ್ಲ. ಊರಿನ ಹೆಂಗಸರ ಗುಟ್ಟು ಕಾಪಾಡಿದೆ ಎಂದು ಬೀಗುತ್ತಿದ್ದ ನಾನು, ನನ್ನ ಒಂದು ಗುಟ್ಟಿನ ಹಿಂದೆ ಅವಳನ್ನು ಮರೆಮಾಡಿಬಿಟ್ಟಿದ್ದೆ.

ಅವಳು ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಪುಟ್ಟೀರಮ್ಮ, ನಿಮ್ಮ ಮನೆ ಎಲ್ಲಿ?" ಎಂದೆ.

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಯಾಕ್ರಮ್ಮ, ನಾನೇನಾದ್ರ ತೆಪ್ ಮಾಡಿದ್ನಾ?"

"ನಿಂಬೆಹಣ್ಣು ತಗೊಂಡು ಬರ್ಬೇಕು."

ಅವಳು ನನ್ನನ್ನು ನೋಡಿದಳು. ಆಮೇಲೆ ನಾನು ಹಿಡಿದುಕೊಂಡಿದ್ದ ಮಣಿಕಟ್ಟನ್ನು ನೋಡಿದಳು. ತನ್ನ ಬಲಗೈಯನ್ನು ಮುಂದೆ ಚಾಚಿ, ಹೊರಳಿಸಿ ಹೊರಳಿಸಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು. ಅಲ್ಲಿ ಮೂಳೆ ಒಂದು ಕಡೆ ಉಬ್ಬಿತ್ತು. "ನನ್ ಕೈ ಕಬ್ಬಿಣ ಅಂತ ಎಲ್ರಿಗೂ ಹೇಳ್ಕಂಡ್ ತಿರುಗ್ತಿದ್ನಲ್ರಮ್ಮ" ಎಂದಳು. ಕೈ ಇಳಿಸಿ, "ಅಷ್ಟ್ ದಿಸದಿಂದ ಒಂದ್ ಮಾತು ಹೇಳ್ಬಾರ್ದಾ" ಎಂದಳು.

ಅವಳ ಮನೆ ಹಳೆ ಸುಣ್ಣದ ಗೂಡಿನ ಹಿಂದೆ, ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿ. ಭಾನುವಾರ ಬೆಳಿಗ್ಗೆ ಸಂತೆಯ ನಿಂಬೆಹಣ್ಣುಗಳಲ್ಲಿ ತೊಟ್ಟು ಹಸಿರಿರುವುದನ್ನು ಆರಿಸಿಕೊಂಡು ಹೋದೆ. ಹೊಸ್ತಿಲು ಆಗತಾನೆ ಸಾರಿಸಿ ರಂಗೋಲಿ ಹಾಕಿತ್ತು. ಹಣ್ಣು ಇಟ್ಟೆ. ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಮಾತು ನನ್ನ ಬಾಯಲ್ಲಿ ತಡವರಿಸಿತು. "ನಿಮ್ಮದು ನನ್ನ ಹತ್ತಿರ ಇದೆ" ಎಂದೆ.

ಪುಟ್ಟೀರಮ್ಮ ಬಗ್ಗಿ ಹಣ್ಣು ಎತ್ತಿಕೊಂಡಳು, ಬಲಗೈಯಲ್ಲಿ ಎತ್ತಿಕೊಳ್ಳಲು ಹೋಗಿ, ನನ್ನ ಮುಖ ನೋಡಿ, ಎಡಗೈಯಲ್ಲಿ ಎತ್ತಿಕೊಂಡಳು. "ಮಜ್ಜಿಗೆ ಇಲ್ಲ ಚೂಡಮ್ಮ. ಟೀ ಆದೀತಾ?" ಎಂದಳು.

ಆಗುತ್ತದೆ ಎಂದು ಒಳಗೆ ಹೋಗಿ ಕೂತೆ.